32 ಸುತ್ತು ಎಣಿಸಿ ಮುಗಿದ ಮೇಲೆ

ಪ್ರಶ್ನೆ: ನಾನು ಶಿವಮೊಗ್ಗದವಳು. ವಯಸ್ಸು 63, ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿದ್ದೇನೆ. ಕೊರೊನಾ ಕಾಲದಲ್ಲಿ ಹೊತ್ತು ಹೋಗದೆ ಮೊಬೈಲಿನಲ್ಲಿ 'ಸ್ವಾನ್ ಲೇಕ್' ಎಂಬ ಬ್ಯಾಲೆ, ಅಂದರೆ ಪಾಶ್ಚಾತ್ಯ ನೃತ್ಯನಾಟಕ, ನೋಡಿದೆ. ಅಂದಿನಿಂದ ಬ್ಯಾಲೆಯ ಹುಚ್ಚು ಹತ್ತಿದೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಭರತನಾಟ್ಯ ಕಲಿತದ್ದು ಬಿಟ್ಟರೆ ನೃತ್ಯದ ಗಂಧ ನನಗಿಲ್ಲ. ಅದರಲ್ಲಿ ಕಪ್ಪು ಹಂಸದ ಪಾತ್ರದವಳು ಒಂಟಿ ಕಾಲಿನ ಮೇಲೆ ಸುತ್ತುವ 32 ಸುತ್ತುಗಳನ್ನು ಬೆರಳು ಮಡಿಸಿ ಎಣಿಸುತ್ತೇನೆ. ಒಬ್ಬ ನರ್ತಕಿ 28ಕ್ಕೇ ನಿಲ್ಲಿಸಿದಾಗ ಮೋಸ ಹೋದಂತೆ ಅನಿಸಿತು. 'ಅತ್ತೆ, ಅದು ಸರ್ಕಸ್ ಅಲ್ಲವೇ' ಎಂದು ಅಳಿಯ ನಗುತ್ತಾರೆ. ಗೆಳತಿಯೊಬ್ಬಳು, 'ಆ ಹುಡುಗಿಯರ ಕಾಲಿನ ಮೂಳೆ ಮುರಿದು ತಯಾರು ಮಾಡುತ್ತಾರಂತೆ, ಅದನ್ನು ನೋಡಿ ಖುಷಿಪಡುತ್ತೀಯಾ' ಎಂದು ಕೇಳಿದ ಮೇಲೆ ಮನಸ್ಸು ಕದಡಿದೆ. ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಮುಂದಿನ ವರ್ಷ ಅಲ್ಲಿಗೆ ಹೋಗಿ ಒಮ್ಮೆಯಾದರೂ ಕಣ್ಣಾರೆ ನೋಡುವ ಆಸೆ. ಲಂಡನ್, ಪ್ಯಾರಿಸ್, ರಷ್ಯಾ: ಯಾವುದು ಸರಿ? ದುಬಾರಿ ಟಿಕೆಟ್ ಕೊಳ್ಳಬೇಕೇ? ಮಂಡಿ ನೋವಿದೆ. ಸೀರೆ ಉಟ್ಟು ಹೋದರೆ ನಡೆಯುತ್ತದೆಯೇ? ಅಷ್ಟು ಖರ್ಚು ಮಾಡಿ ಹೋಗಿ, ಏನೂ ಅರ್ಥವಾಗದೆ ಪೆದ್ದಳಂತೆ ಕುಳಿತು ಬರುತ್ತೇನೇನೋ ಎಂಬ ಭಯವೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ಅವೆಲ್ಲದರ ಬುಡದಲ್ಲಿ ಇರುವುದು ಒಂದೇ ಅಳುಕು: 'ಇದನ್ನು ಮೆಚ್ಚುವ ಅರ್ಹತೆ ನನಗಿದೆಯೇ?' ಲಂಡನ್ನಿನಲ್ಲಿ ವಯಸ್ಕರಿಗೆ ನೃತ್ಯ ನೋಡುವುದನ್ನು ಕಲಿಸುವ ತರಗತಿಗಳನ್ನು ನಾನು ಬಹಳ ವರ್ಷಗಳಿಂದ ನಡೆಸುತ್ತಿದ್ದೇನೆ. ಈ ಅಳುಕು ಇಲ್ಲದೆ ಬಂದವರನ್ನು ಕಂಡದ್ದು ಕಡಿಮೆ. ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಅದು ಇರುತ್ತದೆ. ಅವರು ಹೇಳಿಕೊಳ್ಳುವುದಿಲ್ಲ, ನೀವು ಹೇಳಿದ್ದೀರಿ.

ಮೊದಲು ಆ 32ರ ಲೆಕ್ಕಕ್ಕೆ ಬರೋಣ. ಎಣಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷದವರು ಧೀಂಗಿಣ ಹಾರುವಾಗ ಇಡೀ ಸಭೆ ಎಣಿಸುತ್ತದೆ, ಮರುದಿನ ಹೋಟೆಲಿನಲ್ಲಿ ಅದೇ ಮಾತು. ಸೇಂಟ್ ಪೀಟರ್ಸ್‌ಬರ್ಗಿನಲ್ಲೂ ಆದದ್ದು ಅದೇ. ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ನರ್ತಕಿ 1893ರಲ್ಲಿ ಅಲ್ಲಿ 'ಸಿಂಡರೆಲಾ' ಬ್ಯಾಲೆಯಲ್ಲಿ ಒಂಟಿ ಕಾಲಿನ ಮೇಲೆ ಸತತ 32 ಫುವೆಟೆ ಸುತ್ತಿ ಊರಿಗೆ ಊರನ್ನೇ ಬೆರಗಾಗಿಸಿದಳು. ಎರಡು ವರ್ಷಗಳ ನಂತರ, 1895ರಲ್ಲಿ, ನೃತ್ಯ ಸಂಯೋಜಕರಾದ ಮಾರಿಯುಸ್ ಪೆಟಿಪಾ ಮತ್ತು ಲೆವ್ ಇವಾನೊವ್ 'ಸ್ವಾನ್ ಲೇಕ್' ಅನ್ನು ಹೊಸದಾಗಿ ಕಟ್ಟಿದಾಗ ಅದೇ ಚಮತ್ಕಾರವನ್ನು ಕಪ್ಪು ಹಂಸವಾದ ಓಡೀಲ್‌ಳ ಪಾತ್ರಕ್ಕೆ ಜೋಡಿಸಲಾಯಿತು. 1877ರಲ್ಲಿ ಮಾಸ್ಕೋದಲ್ಲಿ ಇದೇ ಬ್ಯಾಲೆ ಮೊದಲ ಸಲ ರಂಗಕ್ಕೆ ಬಂದಾಗ ಆ ಸುತ್ತುಗಳು ಇರಲೇ ಇಲ್ಲ. ಅಂದರೆ ಅವು ಕಥೆಯಿಂದ ಹುಟ್ಟಿದವಲ್ಲ, ಒಬ್ಬ ಕಲಾವಿದೆಯ ಕಾಲಿನಿಂದ ಹುಟ್ಟಿ ಕಥೆಯೊಳಗೆ ಸೇರಿಕೊಂಡವು. ನಿಮ್ಮ ಅಳಿಯನ ಸರ್ಕಸ್ ಮಾತಿನಲ್ಲಿ ಹಿಡಿಯಷ್ಟು ನಿಜವಿದೆ ಎಂದು ಅವರಿಗೆ ನನ್ನ ಪರವಾಗಿ ತಿಳಿಸಿ.

ಆದರೆ ಹಿಡಿಯಷ್ಟು ಮಾತ್ರ. ಮಾಯಾ ಪ್ಲಿಸೆಟ್ಸ್ಕಾಯಾ ಮಾಸ್ಕೋದ ಬೊಲ್ಶೊಯ್ ರಂಗಮಂದಿರದ ದೊಡ್ಡ ಹೆಸರು. ದಶಕಗಳ ಕಾಲ ಓಡೀಲ್ ಆಗಿ ಕುಣಿದವರು. ಅವರು ಆ 32 ಫುವೆಟೆಗಳ ಗೋಜಿಗೇ ಹೋಗುತ್ತಿರಲಿಲ್ಲ. ಅದರ ಬದಲು ರಂಗದ ಸುತ್ತ ಮಿಂಚಿನಂತೆ ತಿರುಗುತ್ತಾ ಒಂದು ವೃತ್ತ ಹೊಡೆಯುತ್ತಿದ್ದರು. ಅವರನ್ನು ಯಾರೂ ಮೋಸಗಾತಿ ಎನ್ನಲಿಲ್ಲ. ಇಂದಿನ ಕೆಲವರು ನಡುನಡುವೆ ಒಂದು ಚಿಮ್ಮಿಗೆ ಎರಡು, ಮೂರು ಸುತ್ತು ಹಾಕುತ್ತಾರೆ. ಆಗ ಕಾಲು ಬೀಸುವುದು 32ಕ್ಕಿಂತ ಕಡಿಮೆಯಾದರೂ ಸುತ್ತುಗಳ ಮೊತ್ತ ಹೆಚ್ಚು. ನೀವು ಯಾವುದನ್ನು ಎಣಿಸುತ್ತಿದ್ದಿರಿ? ನಿಮ್ಮ 28ರ ನರ್ತಕಿಯ ಮೇಲಿನ ಮೊಕದ್ದಮೆ ಅಲ್ಲಿಗೇ ಸಡಿಲವಾಗಬಹುದು.

ಹಾಗಾದರೆ ನೋಡುವುದು ಏನನ್ನು? ಫುವೆಟೆ ನಡೆಯುವ ಬಗೆ ಹೀಗಿದೆ. ಪ್ರತಿ ಸುತ್ತಿಗೂ ನಿಂತ ಕಾಲಿನ ಹಿಮ್ಮಡಿ ನೆಲಕ್ಕೆ ಇಳಿಯುತ್ತದೆ, ಮಂಡಿ ಬಾಗುತ್ತದೆ, ಮತ್ತೆ ಬೆರಳ ತುದಿಗೆ ಏರುತ್ತದೆ. ಹಿಮ್ಮಡಿ ಕೆಳಗಿರುವ ಆ ಕ್ಷಣದಲ್ಲಿ ದೇಹ ಸಭೆಯ ಕಡೆಗೆ ನೆಟ್ಟಗಿರುತ್ತದೆ. ಇನ್ನೊಂದು ಕಾಲು ಚಾವಟಿಯಂತೆ ಪಕ್ಕಕ್ಕೆ ಬೀಸಿ ವೇಗವನ್ನು ಕೂಡಿಟ್ಟುಕೊಳ್ಳುತ್ತದೆ. ಆ ಕಾಲನ್ನು ಮಂಡಿಗೆ ಎಳೆದುಕೊಂಡ ಕೂಡಲೇ ಕೂಡಿಟ್ಟ ವೇಗ ಇಡೀ ದೇಹವನ್ನು ತಿರುಗಿಸುತ್ತದೆ. ಫ್ರೆಂಚಿನಲ್ಲಿ ಫುವೆಟೆ ಎಂದರೆ ಚಾವಟಿ ಬೀಸಿದ್ದು ಎಂದೇ ಅರ್ಥ. ತಲೆ ಮಾತ್ರ ದೇಹದ ಜೊತೆ ತಿರುಗದೆ ಕೊನೆಯವರೆಗೂ ಒಂದೇ ಬಿಂದುವನ್ನು ನೋಡುತ್ತಿದ್ದು, ಆಮೇಲೆ ಸರಕ್ಕನೆ ತಿರುಗಿ ಮತ್ತೆ ಅದೇ ಬಿಂದುವಿಗೆ ಬರುತ್ತದೆ. ತಲೆಸುತ್ತು ಬಾರದಿರಲು ಇದು ಒಂದು ಕಾರಣ. ವರ್ಷಗಳ ಅಭ್ಯಾಸದಿಂದ ಮೆದುಳು ಆ ಗೊಂದಲಕ್ಕೆ ಒಗ್ಗಿಕೊಳ್ಳುವುದು ಇನ್ನೊಂದು.

ಈಗ ರಂಗದ ಮೇಲೆ ಆಕೆಯ ಪಾದದ ಕೆಳಗೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೀರಿ ಎಂದುಕೊಳ್ಳಿ. ಸುತ್ತು ಮುಗಿಯುವಾಗ ಆಕೆ ಆ ನಾಣ್ಯದಿಂದ ಎಷ್ಟು ದೂರ ಸರಿದಿದ್ದಾಳೆ? ಭುಜಗಳು ಕಿವಿಯ ಕಡೆಗೆ ಏರುತ್ತಿವೆಯೇ? ವಾದ್ಯವೃಂದದ ಲಯಕ್ಕೆ ಕಾಲು ಬೀಳುತ್ತಿದೆಯೋ, ಅಥವಾ ಆಕೆಗಾಗಿ ವಾದ್ಯವೃಂದದ ನಿರ್ದೇಶಕರು ಕಾಯುತ್ತಿದ್ದಾರೋ? ಕೊನೆಯಲ್ಲಿ ನಿಂತದ್ದು ಆಕೆಯ ನಿರ್ಧಾರದಂತೆ ಕಂಡಿತೋ, ಅಪಘಾತದಂತೆಯೋ? ಅಚ್ಚುಕಟ್ಟಾಗಿ ನಿಂತ 28, ತೂರಾಡಿ ಮುಗಿದ 32ಕ್ಕಿಂತ ಮೇಲು. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಇಷ್ಟಾದ ಮೇಲೂ ಆ ಸುತ್ತುಗಳು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನವು. ಉಳಿದ ಎರಡು ಗಂಟೆಗೂ ಹೆಚ್ಚಿನ ನೃತ್ಯ ನಿಮ್ಮ ಕಣ್ಣಿಗಾಗಿ ಕಾದಿರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು: ಜಿಗಿತವನ್ನು ಬಿಡಿ, ಇಳಿತವನ್ನು ನೋಡಿ. ಮಂಡಿ ಮೆತ್ತಗೆ ಬಾಗುವುದಕ್ಕೆ ಪ್ಲಿಯೆ ಎನ್ನುತ್ತಾರೆ. ಜಿಗಿತದ ಎತ್ತರ ಹುಟ್ಟುವುದೂ ಅದರಿಂದ, ಜಿಗಿತದ ಸದ್ದು ಅಡಗುವುದೂ ಅದರಲ್ಲೇ. ಮೊಬೈಲಿನಲ್ಲಿ ಈ ಸದ್ದು ಕೇಳುವುದಿಲ್ಲ. ರಂಗಮಂದಿರದಲ್ಲಿ ಕೇಳುತ್ತದೆ. ಮೊದಲ ಸಲ ಹೋದವರು 'ಅಯ್ಯೋ, ಶೂ ಟಕಟಕ ಎನ್ನುತ್ತದಲ್ಲ' ಎಂದು ಬೇಸರಪಡುತ್ತಾರೆ. ಆ ಟಕಟಕವನ್ನು ಯಾರು ಎಷ್ಟು ನುಂಗಬಲ್ಲರು ಎನ್ನುವುದೇ ವಿದ್ಯೆಯ ಅಳತೆ.

ನಿಮ್ಮ ನಾಲ್ಕು ವರ್ಷದ ಅರೆಮಂಡಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ನಿಲ್ಲುವ ಭರತನಾಟ್ಯದ ಭಂಗಿ, ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡೂ ಕಲೆಗಳಲ್ಲಿ ತೊಡೆ ಸೊಂಟದ ಕೀಲಿನಿಂದ ಹೊರಕ್ಕೆ ತಿರುಗಬೇಕು. ಪಾದವನ್ನು ಮಾತ್ರ ತಿರುಗಿಸಿ ಮಂಡಿಯನ್ನು ಒಳಗೆ ಬಿಟ್ಟರೆ ನಿಮ್ಮ ಗುರುಗಳು ಕೋಲು ತಟ್ಟಿ ಗದರಿದ್ದು ನೆನಪಿರಬಹುದು. ಬ್ಯಾಲೆಯಲ್ಲೂ ಅದೇ ತಪ್ಪು, ಅದೇ ಗದರಿಕೆ. ವ್ಯತ್ಯಾಸವೆಂದರೆ ನಾವು ಆ ಬಾಗಿನಲ್ಲೇ ಮನೆ ಮಾಡುತ್ತೇವೆ, ನೆಲವನ್ನು ತಟ್ಟಿ ಮಾತನಾಡಿಸುತ್ತೇವೆ. ಅವರು ಆ ಬಾಗನ್ನು ಮೆಟ್ಟಿಲಾಗಿಸಿಕೊಂಡು ನೆಲವನ್ನು ಬಿಡಲು ನೋಡುತ್ತಾರೆ.

ಭರತನಾಟ್ಯದ ಹಿನ್ನೆಲೆಯವರು ಮಾಡುವ ಒಂದು ತಪ್ಪೂ ಇದೆ. ಪ್ರತಿ ಕೈಗೂ ಅರ್ಥ ಹುಡುಕುತ್ತಾರೆ. ಬ್ಯಾಲೆಯ ಬಹುಪಾಲು ನೃತ್ತ, ಅಂದರೆ ಕಥೆ ಹೇಳದ ಶುದ್ಧ ಕುಣಿತ. ಜತಿಸ್ವರದಲ್ಲಿ ಕಥೆ ಹುಡುಕುತ್ತೀರಾ? ಇಲ್ಲೂ ಬೇಡ. ಅಭಿನಯದ ಭಾಗ ಬೇರೆಯಾಗಿಯೇ ಬರುತ್ತದೆ, ಅದರ ಮುದ್ರೆಗಳು ಬೆರಳೆಣಿಕೆಯಷ್ಟು. ಮುಖದ ಸುತ್ತ ಕೈ ಸವರಿದರೆ ಸುಂದರಿ. ಉಂಗುರದ ಬೆರಳನ್ನು ತೋರಿಸಿದರೆ ಮದುವೆ. ಎರಡು ಬೆರಳು ಮೇಲೆತ್ತಿದರೆ ಆಣೆ. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ಉರುಳಿಸಿದರೆ ನೃತ್ಯ. ಮುಷ್ಟಿ ಬಿಗಿದ ಮಣಿಕಟ್ಟುಗಳನ್ನು ಮುಂದೆ ಅಡ್ಡಹಾಕಿದರೆ ಸಾವು. ಇಷ್ಟು ಗೊತ್ತಿದ್ದರೆ 1841ರ 'ಜಿಸೆಲ್' ಬ್ಯಾಲೆಯ ಮೊದಲ ಅಂಕದಲ್ಲಿ ತಾಯಿ ಮಗಳಿಗೆ ಏನೆಂದು ಎಚ್ಚರಿಸುತ್ತಾಳೆ ಎನ್ನುವುದು ಪಕ್ಕದ ಸೀಟಿನ ಇಂಗ್ಲಿಷ್ ಅಜ್ಜಿಗಿಂತ ನಿಮಗೇ ಮೊದಲು ತಿಳಿಯುತ್ತದೆ.

ಅರ್ಹತೆಯ ಮಾತು ಬಂದದ್ದರಿಂದ ಒಂದು ಹಳೆಯ ನಂಟನ್ನು ನೆನಪಿಸುತ್ತೇನೆ. ರುಕ್ಮಿಣಿ ದೇವಿ ಅರುಂಡೇಲ್ ಭರತನಾಟ್ಯಕ್ಕೆ ಬರುವ ಮೊದಲು ರಷ್ಯಾದ ಬ್ಯಾಲೆ ತಾರೆ ಅನ್ನಾ ಪಾವ್ಲೋವಾರ ಅಭಿಮಾನಿಯಾಗಿದ್ದರು. ಪಾವ್ಲೋವಾರ ತಂಡದ ಕ್ಲಿಯೋ ನೋರ್ಡಿ ಅವರಿಂದ ಬ್ಯಾಲೆ ಕಲಿತರು. ನಿನ್ನ ನಾಡಿನ ನೃತ್ಯದ ಕಡೆಗೂ ನೋಡು ಎಂದು ಅವರನ್ನು ಹುರಿದುಂಬಿಸಿದವರಲ್ಲಿ ಪಾವ್ಲೋವಾ ಮುಖ್ಯರು. ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲ್ ಲಂಡನ್ನಿನ ರಂಗಗಳನ್ನು ಗೆದ್ದು, ಬ್ಯಾಲೆ ತಾರೆ ಅಲಿಷಿಯಾ ಮಾರ್ಕೋವಾ ಜೊತೆ ರಾಧಾ ಕೃಷ್ಣರಾಗಿ ಕುಣಿದರು. ಈ ಎರಡು ಮನೆಗಳ ನಡುವೆ ಹಿತ್ತಲ ಬಾಗಿಲು ಮೊದಲಿನಿಂದಲೂ ತೆರೆದೇ ಇದೆ.

ಇನ್ನು ನಿಮ್ಮ ಗೆಳತಿಯ ಮಾತು. ಮೂಳೆ ಮುರಿಯುತ್ತಾರೆ ಎಂಬುದು ಸುಳ್ಳು. ಬೆರಳ ತುದಿಯಲ್ಲಿ ನಿಲ್ಲಿಸುವ ಪಾಯಿಂಟ್ ಶೂ ಒಳಗೆ ಮರದ ತುಂಡಿದೆ ಎನ್ನುವವರೂ ಇದ್ದಾರೆ, ಅದೂ ಸುಳ್ಳು. ಸಾಂಪ್ರದಾಯಿಕ ಪಾಯಿಂಟ್ ಶೂವಿನ ತುದಿ ಬಟ್ಟೆ, ಕಾಗದ, ಅಂಟುಗಳನ್ನು ಪದರ ಪದರವಾಗಿ ಸೇರಿಸಿ ಗಟ್ಟಿ ಮಾಡಿದ ಗೂಡು. ಅದು ಬೆರಳುಗಳನ್ನು ಸುತ್ತಲಿನಿಂದ ಹಿಡಿದುಕೊಂಡು ಭಾರವನ್ನು ಹಂಚುತ್ತದೆ. ಅಂಗಾಲಿನ ಕೆಳಗೆ ಗಟ್ಟಿ ಪಟ್ಟಿಯೊಂದಿರುತ್ತದೆ. ಬೆವರಿಗೆ ಈ ಅಂಟು ಮೆತ್ತಗಾಗುವುದರಿಂದ ಮುಖ್ಯ ಪಾತ್ರದವರಿಗೆ ಒಂದೇ ಪ್ರದರ್ಶನದಲ್ಲಿ ಒಂದು ಜೊತೆ ಮುಗಿದುಹೋಗುವುದುಂಟು. ಒಳ್ಳೆಯ ಶಾಲೆಯಲ್ಲಿ ಮಗುವನ್ನು ಈ ಶೂ ಮೇಲೆ ಏರಿಸುವುದು ವರ್ಷಗಳ ತಯಾರಿಯ ನಂತರ, ಸಾಮಾನ್ಯವಾಗಿ 11, 12ರ ಹೊತ್ತಿಗೆ, ಪಾದ ಮತ್ತು ಬೆನ್ನಿನ ಬಲವನ್ನು ನೋಡಿಕೊಂಡು.

ಆದರೆ 'ಎಲ್ಲವೂ ಸುಳ್ಳು' ಎಂದು ನಿಮ್ಮನ್ನು ಸಮಾಧಾನಪಡಿಸಲಾರೆ. ಪಾದದಲ್ಲಿ ಬೊಬ್ಬೆ ಏಳುವುದು, ಉಗುರು ಕೀಳುವುದು ದಿನನಿತ್ಯದವು. ಕಣಕಾಲಿನ ಗಾಯ, ಪಾದದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಅಪರೂಪವಲ್ಲ. ನನ್ನ ದೃಷ್ಟಿಯಲ್ಲಿ ಇವುಗಳಿಗಿಂತ ಕೆಟ್ಟದ್ದು ಹಸಿವು. ತೆಳ್ಳಗಿರಬೇಕೆಂಬ ಒತ್ತಡದಲ್ಲಿ ಊಟ ಬಿಟ್ಟು, ಮುಟ್ಟು ನಿಂತು, ಮೂಳೆ ಸವೆಸಿಕೊಂಡ ಹುಡುಗಿಯರನ್ನು ನಾನೇ ಕಂಡಿದ್ದೇನೆ. 2019ರಲ್ಲಿ ವಿಯೆನ್ನಾದ ಬ್ಯಾಲೆ ಶಾಲೆಯ ಬಗ್ಗೆ ನಡೆದ ವಿಚಾರಣೆ, ಅಲ್ಲಿ ಮಕ್ಕಳಿಗೆ ಸಾಕಷ್ಟು ರಕ್ಷಣೆ ಇರಲಿಲ್ಲ ಎಂದೇ ಹೇಳಿತು. ದೊಡ್ಡ ತಂಡಗಳಲ್ಲಿ ಈಗ ಫಿಸಿಯೋಥೆರಪಿಸ್ಟರು, ಆಹಾರ ತಜ್ಞರು ಇದ್ದಾರೆ. ಸುಧಾರಣೆ ನಿಜ, ಪೂರ್ತಿಯಾಗಿಲ್ಲ. ಪ್ರೇಕ್ಷಕರಾಗಿ ನಿಮ್ಮ ಕೈಯಲ್ಲಿರುವುದು ಒಂದೇ: 'ಈಕೆ ಸ್ವಲ್ಪ ದಪ್ಪ' ಎಂಬ ಮಾತು ಸಭೆಯಿಂದ ಏಳದಂತೆ ನೋಡಿಕೊಳ್ಳುವುದು. ಆ ಒತ್ತಡದ ಒಂದು ಪಾಲು ಟಿಕೆಟ್ ಕೊಂಡವರಿಂದಲೇ ಬರುತ್ತದೆ.

ಪ್ರಯಾಣದ ವಿಷಯದಲ್ಲಿ ನನ್ನ ಸಲಹೆ ಲಂಡನ್. ಕಾರಣ ರಸಿಕತೆಯದ್ದಲ್ಲ, ಲೆಕ್ಕದ್ದು. ಮಗಳ ಮನೆ ಇದೆ, ಒಂದೇ ವೀಸಾ ಸಾಕು. ಕವೆಂಟ್ ಗಾರ್ಡನ್‌ನ ರಾಯಲ್ ಆಪೆರಾ ಹೌಸ್‌ನಲ್ಲಿ ಯಾವ ದಿನ ಯಾರು ಕುಣಿಯುತ್ತಾರೆ ಎಂಬುದನ್ನು ಮುಂಚೆಯೇ ಪ್ರಕಟಿಸುತ್ತಾರೆ. ಪ್ರದರ್ಶನಗಳ ಋತು ಸೆಪ್ಟೆಂಬರಿನ ಸುಮಾರಿಗೆ ಆರಂಭವಾಗಿ ಜೂನ್, ಜುಲೈವರೆಗೆ. ಆಗಸ್ಟಿನಲ್ಲಿ ಹೋದರೆ ತಂಡವೇ ರಜೆಯಲ್ಲಿರುತ್ತದೆ. ಮೊದಲು ವೇಳಾಪಟ್ಟಿ ನೋಡಿ, ಆಮೇಲೆ ವಿಮಾನದ ಟಿಕೆಟ್ ಮಾಡಿಸಿ. ಇದನ್ನು ತಿರುಗಾಮುರುಗಾ ಮಾಡಿ ಅತ್ತವರು ನನಗೆ ಹಲವರು ಗೊತ್ತು.

ದುಬಾರಿ ಟಿಕೆಟ್ ಬೇಡ. ಅಲ್ಲಿನ ಮೇಲ್ದರ್ಜೆಯ ಟಿಕೆಟ್ 150 ಪೌಂಡ್ ದಾಟುವುದುಂಟು. ಆ ದುಡ್ಡಿನಲ್ಲಿ ನೆಲಮಟ್ಟದ ಸೀಟಿನಲ್ಲಿ ಕುಳಿತರೆ ಮುಖಗಳು ಚೆನ್ನಾಗಿ ಕಾಣುತ್ತವೆ, ಆದರೆ ಮುಂದಿನವರ ತಲೆ ಅಡ್ಡ ಬಂದು ಪಾದಗಳು ಮರೆಯಾಗಬಹುದು. ಹಂಸಗಳ ಸಾಲು ನೆಲದ ಮೇಲೆ ಬಿಡಿಸುವ ಚಿತ್ತಾರವಂತೂ ಕಾಣುವುದೇ ಇಲ್ಲ. ರಂಗೋಲಿಯನ್ನು ನೆಲಕ್ಕೆ ಮುಖ ಇಟ್ಟು ನೋಡಿದಂತೆ ಆಗುತ್ತದೆ. ನೀವು ಆಂಫಿಥಿಯೇಟರ್ ಎಂಬ ಮೇಲಿನ ಹಂತದ ಮಧ್ಯಭಾಗದಲ್ಲಿ ಸೀಟು ಹಿಡಿಯಿರಿ, ಉಳಿದ ದುಡ್ಡಿನಲ್ಲಿ ಇನ್ನೊಂದು ಸಂಜೆ ಬೇರೆ ನರ್ತಕಿಯ ಕೈಯಲ್ಲಿ ಅದೇ ಬ್ಯಾಲೆಯನ್ನು ಮತ್ತೆ ನೋಡಿ. ಎರಡನೆಯ ಸಲ ನೋಡಿದಾಗ ಕಲಿಯುವಷ್ಟನ್ನು ಯಾವ ತರಗತಿಯೂ ಕಲಿಸುವುದಿಲ್ಲ, ನನ್ನದೂ ಸೇರಿ. ಮೇಲಿನ ಸೀಟಿನ ತೊಂದರೆ ನಿಮ್ಮ ಮಂಡಿಗೆ: ಮೆಟ್ಟಿಲು ಕಡಿದು, ಕಾಲು ಚಾಚಲು ಜಾಗ ಕಡಿಮೆ. ಲಿಫ್ಟ್ ಇದೆ, ಸಾಲಿನ ತುದಿಯ ಸೀಟು ಕೇಳಿ. ಮಂದಿರ ಕುದುರೆಲಾಳದ ಆಕಾರದ್ದಾದ್ದರಿಂದ ತೀರಾ ಪಕ್ಕದ ಅಗ್ಗದ ಸೀಟುಗಳಲ್ಲಿ ರಂಗದ ಒಂದು ಭಾಗ ಕಾಣುವುದಿಲ್ಲ. 'ನೋಟಕ್ಕೆ ಅಡ್ಡಿ ಇದೆ' ಎಂದು ಟಿಕೆಟ್ ಮೇಲೆ ಬರೆದಿದ್ದರೆ ಅದನ್ನು ನಂಬಿ.

ಒಬ್ಬ ತಾರೆಯನ್ನು ನೆಚ್ಚಿ ಇಡೀ ಪ್ರವಾಸ ಕಟ್ಟಬೇಡಿ. ನರ್ತಕರಿಗೆ ಗಾಯವಾಗುತ್ತದೆ, ಪಾತ್ರ ಬದಲಾಗುತ್ತದೆ, ಅದಕ್ಕೆ ಹಣ ಹಿಂದಿರುಗಿಸುವುದಿಲ್ಲ. ಒಮ್ಮೆ ನಾನು ಒಬ್ಬರಿಗಾಗಿ ಇನ್ನೊಂದು ದೇಶಕ್ಕೆ ಹೋದೆ. ಬಾಗಿಲಲ್ಲಿ ಕೈಗಿತ್ತ ಚೀಟಿಯಲ್ಲಿ ಬೇರೆ ಹೆಸರಿತ್ತು. ಅರ್ಧ ಅಂಕ ಮುನಿಸಿಕೊಂಡು ಕುಳಿತೆ. ಆ ಬದಲಿ ಹುಡುಗಿಯ ಎರಡನೆಯ ಅಂಕ ಇಂದಿಗೂ ಕಣ್ಣಮುಂದಿದೆ, ಯಾರನ್ನು ನೋಡಲು ಹೋಗಿದ್ದೆನೋ ಅವರನ್ನು ಆಮೇಲೆ ಎರಡು ಸಲ ನೋಡಿದರೂ ಅಷ್ಟು ನೆನಪಿಲ್ಲ.

ಪ್ಯಾರಿಸ್ ಎರಡು ದಿನದ ಸೇರ್ಪಡೆಯಾಗಿ ಚೆನ್ನ. ಲಂಡನ್ನಿನಿಂದ ರೈಲಿನಲ್ಲಿ ಎರಡೂ ಕಾಲು ಗಂಟೆಯ ಸುಮಾರು. ಆದರೆ ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲ, ಷೆಂಗೆನ್ ವೀಸಾವನ್ನು ಊರಿನಿಂದ ಹೊರಡುವ ಮೊದಲೇ ಮಾಡಿಸಬೇಕು. 1875ರ ಗಾರ್ನಿಯೇ ಅರಮನೆ ಎಂಬ ಆಪೆರಾ ಮಂದಿರವನ್ನು ಕನಸಿನಲ್ಲಿಟ್ಟುಕೊಂಡು ಟಿಕೆಟ್ ಕೊಂಡು, ಪ್ರದರ್ಶನ ಇರುವುದು 1989ರ ಬಾಸ್ತೀಯ್ ಮಂದಿರದಲ್ಲಿ ಎಂದು ಕೊನೆಗೆ ತಿಳಿದು ಪೆಚ್ಚಾದವರಿದ್ದಾರೆ. ಎರಡೂ ಪ್ಯಾರಿಸ್ ಆಪೆರಾ ಎಂಬ ಒಂದೇ ಸಂಸ್ಥೆಯವು, ಟಿಕೆಟ್ ಮೇಲೆ ಯಾವುದೆಂದು ಓದಿ. ಗಾರ್ನಿಯೇಯ ಬಾಕ್ಸ್‌ಗಳ ಹಿಂದಿನ ಸೀಟಿನಲ್ಲಿ ಚಿತ್ರಕಾರ ಶಗಾಲ್ ಬಿಡಿಸಿದ ಛಾವಣಿಯ ಚಿತ್ರವೂ ಸರಿಯಾಗಿ ಕಾಣುವುದಿಲ್ಲ, ರಂಗವೂ ಕಾಣುವುದಿಲ್ಲ. ಮುಷ್ಕರದ ಸಾಧ್ಯತೆಯೂ ಇದೆ. 2019ರ ಡಿಸೆಂಬರಿನಲ್ಲಿ ಪಿಂಚಣಿ ವಿಷಯಕ್ಕೆ ಪ್ರದರ್ಶನಗಳು ನಿಂತಾಗ ನರ್ತಕಿಯರು ಹೊರಗಿನ ಮೆಟ್ಟಿಲ ಮೇಲೆ, ಚಳಿಯಲ್ಲಿ 'ಸ್ವಾನ್ ಲೇಕ್'ನ ಭಾಗವನ್ನು ಕುಣಿದರು. ಟಿಕೆಟ್ ಕಳೆದುಕೊಂಡವರಿಗೆ ಅಂಥ ಅದೃಷ್ಟ ಪ್ರತಿ ಸಲವೂ ಸಿಗುವುದಿಲ್ಲ.

ರಷ್ಯಾ ಈಗ ಬೇಡ ಎನ್ನುತ್ತೇನೆ. ಭಾರತೀಯರಿಗೆ ವಿದ್ಯುನ್ಮಾನ ವೀಸಾ ಸುಲಭವಾಗಿದೆ ನಿಜ. ಆದರೆ 2022ರಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ 'ವೀಸಾ', 'ಮಾಸ್ಟರ್‌ಕಾರ್ಡ್' ಹೆಸರಿನ ಪಾವತಿ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಒಂಟಿ ಪ್ರವಾಸಿ ನೋಟಿನ ಕಟ್ಟು ಹೊತ್ತು ತಿರುಗಬೇಕು. ಬೊಲ್ಶೊಯ್‌ನ ನರ್ತಕಿ ಓಲ್ಗಾ ಸ್ಮಿರ್ನೋವಾ ಉಕ್ರೇನ್ ಮೇಲಿನ ಯುದ್ಧವನ್ನು ವಿರೋಧಿಸಿ ಆಮ್‌ಸ್ಟರ್‌ಡ್ಯಾಮಿಗೆ ಹೋದದ್ದೂ ಅದೇ ವರ್ಷ. ಅಲ್ಲಿ ಟಿಕೆಟ್ ಕೊಳ್ಳಬೇಕೇ ಎನ್ನುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ನೀವು ಕೇಳದ ಒಂದು ವಿಷಯ. ನೀವು ಹೋಗುವ ಹೊತ್ತಿಗೆ 'ಲಾ ಬಯಾದೇರ್' ಇದ್ದರೆ ಅರ್ಧ ಸಿದ್ಧರಾಗಿ ಹೋಗಿ. 1877ರ ಈ ಬ್ಯಾಲೆ ನಮ್ಮ ದೇವದಾಸಿಯ ಕಥೆಯಂತೆ. ನಮ್ಮ ನಾಡು ನೋಡದವರು ಊಹಿಸಿಕೊಂಡ ಭಾರತ: ಬೆಂಕಿಯ ಸುತ್ತ ಕುಪ್ಪಳಿಸುವ ಫಕೀರರು, ಹೂಬುಟ್ಟಿಯಲ್ಲಿ ಹಾವು. 1838ರಲ್ಲೇ ಪುದುಚೇರಿ ಕಡೆಯ ನಿಜವಾದ ದೇವದಾಸಿಯರು ಪ್ಯಾರಿಸ್ಸಿನಲ್ಲಿ ಕುಣಿದಿದ್ದರು ಎಂಬುದು ಇಲ್ಲಿನ ವ್ಯಂಗ್ಯ. ಮೊದಲ ಭಾಗಕ್ಕೆ ನಿಮಗೆ ನಗುವೋ ಸಿಟ್ಟೋ ಬರುತ್ತದೆ, ಎರಡೂ ನ್ಯಾಯವೇ. ಆದರೆ ಎದ್ದು ಬರಬೇಡಿ. ನೆರಳುಗಳ ಲೋಕದ ದೃಶ್ಯದಲ್ಲಿ ಬಿಳಿಯುಡುಗೆಯ ನರ್ತಕಿಯರು ಒಬ್ಬರ ಹಿಂದೆ ಒಬ್ಬರು ಇಳಿಜಾರಿನಿಂದ ಇಳಿದು ಬರುತ್ತಾರೆ. ಎಲ್ಲರದ್ದೂ ಒಂದೇ ಹೆಜ್ಜೆ: ಒಂದು ಕಾಲು ಹಿಂದಕ್ಕೆ ಎತ್ತಿ ಬಾಗುವುದು, ಬೆನ್ನು ಹಿಂದಕ್ಕೆ ಮಣಿಸುವುದು, ಮುಂದೆ ನಡೆಯುವುದು. ರಂಗ ತುಂಬುವವರೆಗೂ ಅಷ್ಟೇ. ಅಲ್ಲಿ ಎಣಿಸಲು ಏನೂ ಇಲ್ಲ. ಮೊದಲು ಇಳಿದವಳು ಅದನ್ನು ಎಷ್ಟು ಸಲ ಮಾಡಿ ದಣಿದಿದ್ದಾಳೆ ಎಂದು ನೆನೆದು ಆಕೆಯ ನಿಂತ ಕಾಲಿನ ಕಣಕಾಲನ್ನೇ ನೋಡಿ.

ಸೀರೆ ಧಾರಾಳವಾಗಿ ಉಡಿ. ಉಡುಪಿನ ನಿಯಮವೇನೂ ಇಲ್ಲ, ಜೀನ್ಸ್ ತೊಟ್ಟವರೂ ಇರುತ್ತಾರೆ. ಕೋಟು ಇಡಲು ಜಾಗವಿದೆ. ಚಿಕ್ಕ ದುರ್ಬೀನು ಇದ್ದರೆ ಕೊಂಡೊಯ್ಯಿರಿ, ಆದರೆ ಸಮೂಹ ನೃತ್ಯದಲ್ಲಿ ಅದನ್ನು ಮಡಿಲಲ್ಲಿಡಿ. ಚಪ್ಪಾಳೆಗೆ ನೆರೆಯವರನ್ನು ಅನುಸರಿಸಿದರೆ ಸಾಕು. ಸಂಜೆಯ ಆಟ ಮುಗಿಯುವಾಗ ಹತ್ತು ಗಂಟೆ ದಾಟಬಹುದು, ಆದ್ದರಿಂದ ಶನಿವಾರದ ಮಧ್ಯಾಹ್ನದ ಆಟ ಸಿಕ್ಕಿದರೆ ಒಳ್ಳೆಯದು. ಹಿಂದಿರುಗಲು ಟಾಟನ್‌ಹ್ಯಾಮ್ ಕೋರ್ಟ್ ರೋಡಿನವರೆಗೆ ಕಾಲು ಗಂಟೆ ನಡೆದರೆ ಎಲಿಜಬೆತ್ ಲೈನಿನ ರೈಲು ನೇರವಾಗಿ ರೆಡಿಂಗ್‌ಗೆ ಹೋಗುತ್ತದೆ. ಹೋಗುವಾಗ ಕವೆಂಟ್ ಗಾರ್ಡನ್ ಸುರಂಗ ನಿಲ್ದಾಣದಲ್ಲಿ ಇಳಿದರೆ ಲಿಫ್ಟಿನ ಮುಂದೆ ಉದ್ದ ಸಾಲು ಇರುತ್ತದೆ, ಪಕ್ಕದಲ್ಲೇ ಖಾಲಿ ಮೆಟ್ಟಿಲು ಕರೆಯುತ್ತದೆ. ಅವು 193 ಇವೆ. ಲಿಫ್ಟಿಗೇ ಕಾಯಿರಿ.